ಇವತ್ತಿನ ರೇಟು ಯಾವತ್ತಿನದು?

ಟೊಮೇಟೊ ಮಾತು ಎತ್ತಿದರೆ ಸಾಕು, ನಮ್ಮ ಬೀದಿಯಲ್ಲಿ ಒಲೆ ಮೇಲಿಟ್ಟ ಹಾಲೂ ಮರೆತುಹೋಗುತ್ತದೆ. 2023ರ ಜುಲೈ ನೆನಪಿದೆಯಲ್ಲ? ನೂರರ ನೋಟು ಹಿಡಿದು ಹೋದರೆ ಒಂದು ಕಿಲೋ ಬರುತ್ತಿರಲಿಲ್ಲ. ಸಾರಿಗೆ ಹುಣಸೆಹಣ್ಣು ಮರಳಿ ಬಂತು, ಚಿತ್ರಾನ್ನ ನಿಂಬೆಹಣ್ಣಿಗೆ ತೃಪ್ತಿಪಟ್ಟಿತು, ಪಕ್ಕದ ಮನೆ ದೊಡ್ಡಮ್ಮ ಅಮಟೆಕಾಯಿ ಹಾಕಿ ಒಂದು ಗೊಜ್ಜು ಮಾಡಿ ಕಾಂಪೌಂಡು ಗೋಡೆ ಮೇಲಿಂದ ಬಟ್ಟಲು ದಾಟಿಸಿದರು. ಅದರ ರುಚಿ ಇನ್ನೂ ನಾಲಗೆ ಮೇಲಿದೆ. ಹಾಸನ ಕಡೆ ರಾತ್ರೋರಾತ್ರಿ ಹೊಲಕ್ಕೆ ನುಗ್ಗಿ ಕಾಯಿ ಕಿತ್ತುಕೊಂಡು ಹೋದದ್ದು, ಬೆಂಗಳೂರಿನಲ್ಲಿ ಟೊಮೇಟೊ ತುಂಬಿದ ಗಾಡಿಯನ್ನೇ ಅಪಹರಿಸಿದ್ದು, ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ದಾಟಿದ್ದು, ಎಲ್ಲ ನಿಮಗೆ ಗೊತ್ತಿದ್ದದ್ದೇ.

ನನಗೆ ಮಾತ್ರ ಆ ಜುಲೈಗಿಂತ ಅದರ ಹಿಂದುಮುಂದಿನ ತಿಂಗಳುಗಳೇ ವಿಚಿತ್ರ ಅನಿಸುತ್ತವೆ. ಅದೇ ವರ್ಷ ಬೇಸಿಗೆಯಲ್ಲಿ ಮಹಾರಾಷ್ಟ್ರದ ರೈತರು ಕಿಲೋಗೆ ಒಂದೆರಡು ರೂಪಾಯಿಯೂ ಸಿಗದೆ ಟೊಮೇಟೊವನ್ನು ರಸ್ತೆಬದಿಗೆ ಸುರಿದಿದ್ದರು. ಜುಲೈ, ಆಗಸ್ಟ್ ಕಳೆದು ಸೆಪ್ಟೆಂಬರ್ ಬಂತೋ ಇಲ್ಲವೋ, ಆಂಧ್ರ ಮಹಾರಾಷ್ಟ್ರದ ಮಾರುಕಟ್ಟೆಗಳಲ್ಲಿ ಮತ್ತೆ ಒಂದಂಕಿ ರೇಟು, ಮತ್ತೆ ರಸ್ತೆಬದಿ. ಆರು ತಿಂಗಳೂ ತುಂಬಿಲ್ಲ, ಒಂದೇ ಹಣ್ಣು ಕಸವಾಗಿ, ಚಿನ್ನವಾಗಿ, ಪುನಃ ಕಸವಾಯಿತು. ಆಶ್ಚರ್ಯ ಅಲ್ವಾ?

ಟಿವಿಯಲ್ಲಿ ದಿನಕ್ಕೊಬ್ಬರ ತಲೆ ಮೇಲೆ ತಪ್ಪು ಹೊರಿಸಿದರು. ಒಂದು ದಿನ ಮಳೆ, ಒಂದು ದಿನ ಎಲೆ ಮುದುಡುವ ವೈರಸ್, ಇನ್ನೊಂದು ದಿನ ದಲ್ಲಾಳಿ, ಆಮೇಲೆ ಸರ್ಕಾರ. ಯಾವುದೂ ಪೂರ್ತಿ ಸುಳ್ಳಲ್ಲ. ಮಳೆ ಬಂದದ್ದು ನಿಜ, ರೋಗ ಬಿದ್ದದ್ದೂ ನಿಜ. ಆದರೆ ಮಳೆ ರೋಗ ಎರಡೂ ಇಲ್ಲದ ವರ್ಷದಲ್ಲೂ ಈ ಏರಿಳಿತ ಇದ್ದೇ ಇರುತ್ತದಲ್ಲ, ಅದಕ್ಕೇನು ಹೇಳೋಣ? ಅದಕ್ಕೊಂದು ಉತ್ತರವನ್ನು ವಿಶ್ವವಿದ್ಯಾಲಯಗಳಲ್ಲಿ ಕೂತವರು ತೊಂಬತ್ತು ವರ್ಷದ ಹಿಂದೆಯೇ ಕೊಟ್ಟಿದ್ದಾರೆ. ಅದೂ ಎಲ್ಲಿಂದ ಹುಟ್ಟಿತು ಅಂತೀರಿ, ಹಂದಿ ರೇಟಿನಿಂದ!

ಅಮೆರಿಕದ ಒಹಾಯೊದಲ್ಲಿ ಸ್ಯಾಮ್ಯುಯೆಲ್ ಬೆನ್ನರ್ ಅಂತ ಒಬ್ಬ ರೈತ ಇದ್ದ. 1873ರ ಹಣಕಾಸು ಕುಸಿತದಲ್ಲಿ ಕೈ ಸುಟ್ಟುಕೊಂಡ. ಬೇರೆಯವರಾಗಿದ್ದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದರೇನೋ, ಈತ ಹಳೆಯ ರೇಟುಗಳ ಪಟ್ಟಿ ಹರಡಿಕೊಂಡು ಕೂತ. ಹಂದಿಯ ರೇಟು ಕೆಲವು ವರ್ಷಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ, ಅದಕ್ಕೊಂದು ತಾಳ ಇದೆ ಅಂತ ಪುಸ್ತಕವನ್ನೇ ಬರೆದ. ಯಾಕೆ ಅನ್ನುವುದನ್ನು ಚೊಕ್ಕವಾಗಿ ಬಿಡಿಸುವ ಕೆಲಸ ಆಮೇಲಿನವರಿಗೆ ಉಳಿಯಿತು. 1928ರಲ್ಲಿ ಜರ್ಮನಿಯ ಆರ್ಥರ್ ಹನಾವ್ ಎಂಬ ತರುಣ ಹಂದಿ ರೇಟಿನ ಅಂಕಿಅಂಶ ಜಾಲಾಡಿ, ಇದು ಕಾಲದ ಅಂತರದ ಆಟ ಅಂತ ತೋರಿಸಿದ.

ವಿಷಯ ಸರಳ. ಈ ವರ್ಷ ರೇಟು ಚೆನ್ನಾಗಿದೆ, ಎಲ್ಲರೂ ಮರಿ ಉಳಿಸಿಕೊಂಡು ಸಾಕುತ್ತಾರೆ. ಮರಿ ಬೆಳೆದು ಪೇಟೆಗೆ ಬರುವ ಹೊತ್ತಿಗೆ ಎಲ್ಲರ ಹಂದಿಯೂ ಒಟ್ಟಿಗೇ ಬಂದು ನಿಲ್ಲುತ್ತದೆ. ರೇಟು ನೆಲಕಚ್ಚುತ್ತದೆ. ಸಾಕಾಯ್ತಪ್ಪ ಈ ಸಹವಾಸ ಅಂತ ಅರ್ಧ ಜನ ಕೈಬಿಡುತ್ತಾರೆ. ಆಗ ಮುಂದಿನ ಸಲ ಮಾಲೇ ಇಲ್ಲ, ರೇಟು ಆಕಾಶಕ್ಕೆ. ಮತ್ತೆ ಎಲ್ಲರೂ ಮರಿ ಉಳಿಸಿಕೊಳ್ಳುತ್ತಾರೆ. ಹಂದಿ ಇದ್ದಲ್ಲಿ ಟೊಮೇಟೊ ಅಂತ ಇಟ್ಟು ಓದಿ, ವರ್ಷ ಇದ್ದಲ್ಲಿ ತಿಂಗಳು ಅಂತ ಹಾಕಿ. ಸಸಿ ನೆಟ್ಟು ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ ಬೇಕು, ಅದಕ್ಕೆ ಮುಂಚೆ ನರ್ಸರಿಯಲ್ಲಿ ಸಸಿ ಬೆಳೆಯೋಕೆ ಮೂರುನಾಲ್ಕು ವಾರ. ಅಂದರೆ ಇವತ್ತು ನಾವು ಗಾಡಿಯವನ ಹತ್ತಿರ ಚೌಕಾಸಿ ಮಾಡುವ ರೇಟು ಇವತ್ತಿನದಲ್ಲ. ಅದು ಮೂರು ತಿಂಗಳ ಹಿಂದೆ ಯಾವುದೋ ಹೊಲದ ಬದುವಿನ ಮೇಲೆ, 'ಈ ಸಲ ಹಾಕೋಣ್ವಾ ಬೇಡ್ವಾ' ಅಂತ ಗಂಡಹೆಂಡತಿ ಮಾತಾಡಿಕೊಂಡಾಗಲೇ ಅರ್ಧ ತೀರ್ಮಾನ ಆಗಿಹೋದ ರೇಟು.

ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ನಿಕೊಲಸ್ ಕಾಲ್ಡರ್ 1934ರಲ್ಲಿ ಇದಕ್ಕೆ ಜೇಡರಬಲೆ ಸಿದ್ಧಾಂತ ಅಂತ ಹೆಸರಿಟ್ಟ. ಬೇಡಿಕೆಯ ಗೆರೆ, ಪೂರೈಕೆಯ ಗೆರೆ ಎಳೆದು, ಒಂದು ಬೆಳೆಯ ರೇಟಿನಿಂದ ಮುಂದಿನ ಬೆಳೆಯ ಮಾಲಿಗೆ, ಅಲ್ಲಿಂದ ಮತ್ತೆ ರೇಟಿಗೆ ಅಂತ ಪೆನ್ಸಿಲ್ ಓಡಿಸುತ್ತ ಹೋದರೆ ಕಾಗದದ ಮೇಲೆ ಸುತ್ತುಸುತ್ತಾದ ಬಲೆಯೊಂದು ಮೂಡುತ್ತದೆ. ನಾಲ್ಕು ವರ್ಷದ ಮೇಲೆ, 1938ರಲ್ಲಿ, ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಮಾರ್ಡೆಕಾಯ್ ಎಜೆಕೀಲ್ ಇದನ್ನು ಬಿಡಿಸಿ ಬರೆದ. ಅವನ ಒಂದು ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ. ರೇಟು ಏರಿದಾಗ ಬೆಳೆಯುವವರು ಎಷ್ಟು ಹಿಗ್ಗುತ್ತಾರೋ ಅದಕ್ಕಿಂತ ಕೊಳ್ಳುವವರು ಹೆಚ್ಚು ಕುಗ್ಗಿದರೆ, ಈ ಬಲೆ ಒಳಗೊಳಗೇ ಸಣ್ಣದಾಗುತ್ತ ಒಂದು ಕಡೆ ನಿಲ್ಲುತ್ತದೆ. ಅದು ತಿರುಗುಮುರುಗಾದರೆ, ಪ್ರತಿ ಸುತ್ತಿನಲ್ಲೂ ಏರಿಳಿತ ದೊಡ್ಡದಾಗುತ್ತ ಹೋಗುತ್ತದೆ. ನಮ್ಮ ಅಡುಗೆಮನೆ ನೋಡಿ. ರೇಟು ಎರಡರಷ್ಟಾದರೆ ನಾಲ್ಕು ಹಣ್ಣಿನ ಜಾಗದಲ್ಲಿ ಎರಡು ಹಾಕುತ್ತೇವೆ ಅಂತ ಬಾಯಲ್ಲಿ ಹೇಳುತ್ತೇವೆ, ಮೂರು ಹಾಕಿಯೇ ಹಾಕುತ್ತೇವೆ. ಹತ್ತು ರೂಪಾಯಿಗೆ ಇಳಿಯಿತು ಅಂತ ಮೂರು ಹೊತ್ತೂ ಟೊಮೇಟೊ ಬಾತು ತಿನ್ನೋದಿಲ್ಲ. ಬೆಳೆಯುವವರು ಮಾತ್ರ ಹಾಗಲ್ಲ, ರೇಟು ನೋಡಿ ಒಂದು ಎಕರೆಯವರು ಮೂರು ಎಕರೆಗೆ ಹಾರುತ್ತಾರೆ. ಅಲ್ಲಿಗೆ ಬಲೆ ದೊಡ್ಡದಾಗದೆ ಇನ್ನೇನು?

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ವೆನಿಲಾ. ಮಲೆನಾಡಿನವರಾಗಿದ್ದರೆ ನಿಮಗೂ ಆಗಿರುತ್ತದೆ. 2000ದ ಏಪ್ರಿಲ್‌ನಲ್ಲಿ ದೂರದ ಮಡಗಾಸ್ಕರ್‌ಗೆ ಹುಡಾ ಅನ್ನುವ ಚಂಡಮಾರುತ ಬಡಿಯಿತು. ಲೋಕದ ವೆನಿಲಾದ ದೊಡ್ಡ ಪಾಲು ಅಲ್ಲಿಯದೇ. ಅಲ್ಲಿ ಬಳ್ಳಿ ನೆಲಕ್ಕೆ ಮಲಗಿದ್ದಕ್ಕೆ ಇಲ್ಲಿ ನಮ್ಮ ತೋಟಗಳ ಅಡಿಕೆ ಮರದ ಬುಡಕ್ಕೆ ಬಳ್ಳಿ ಬಂತು. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರದ ಆಚೆ. ನಮ್ಮ ಚಿಕ್ಕಪ್ಪನ ತೋಟದಲ್ಲಿ ಬೆಳಗ್ಗೆ ಕಾಫಿ ಕುಡಿದವರೇ ಎಲ್ಲರೂ ಒಂದೊಂದು ಕಡ್ಡಿ ಹಿಡಿದು ಹೊರಡುತ್ತಿದ್ದರು, ಹೂವಿಗೆ ಪರಾಗ ಮುಟ್ಟಿಸೋಕೆ. ವೆನಿಲಾ ಹೂವು ಅರಳೋದು ಒಂದೇ ಒಂದು ದಿನ, ಮಧ್ಯಾಹ್ನಕ್ಕೆ ಬಾಡುತ್ತದೆ. ಅದನ್ನು ಮುಟ್ಟುವ ಜೇನು ನಮ್ಮಲ್ಲಿಲ್ಲ, ಮನುಷ್ಯರೇ ಜೇನಿನ ಕೆಲಸ ಮಾಡಬೇಕು. ಆ ಕಡ್ಡಿಯ ಉಪಾಯ ಕಂಡುಹಿಡಿದದ್ದು ಯಾವ ವಿಜ್ಞಾನಿಯೂ ಅಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಅನ್ನುವ ಹನ್ನೆರಡು ವರ್ಷದ ಹುಡುಗ, 1841ರಲ್ಲಿ. ಅವನ ಬೆರಳ ತುದಿಯ ಆ ಜಾಣ್ಮೆಯಿಂದ ಎಷ್ಟೋ ಜನ ಶ್ರೀಮಂತರಾದರು, ಅವನು ಮಾತ್ರ ಬಡತನದಲ್ಲೇ ತೀರಿಕೊಂಡ. ಇದು ನನ್ನ ಮನಸ್ಸಿನಿಂದ ಹೋಗೋದೇ ಇಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಕೋಡು ಬಲಿಯಲು ಇನ್ನೂ ಒಂಬತ್ತು ತಿಂಗಳು. ರೇಟು ಕಂಡು ಬಳ್ಳಿ ಹಬ್ಬಿಸಿದವರಿಗೆಲ್ಲ ಕೋಡು ಬರುವ ಹೊತ್ತಿಗೆ ಮಡಗಾಸ್ಕರ್ ಎದ್ದು ನಿಂತಿತ್ತು, ಕೊಳ್ಳುವವರು ಕೃತಕ ವೆನಿಲಾಕ್ಕೆ ಹೊರಳಿದ್ದರು. ರೇಟು ನೂರರ ಒಳಗೆ ಬಂತು. ರಾತ್ರಿ ಟಾರ್ಚು ಹಿಡಿದು, ನಾಯಿ ಕಟ್ಟಿ ಕಾಯುತ್ತಿದ್ದ ತೋಟಗಳಲ್ಲಿ ಬಳ್ಳಿಯನ್ನು ಎಳೆದು ಗೊಬ್ಬರಕ್ಕೆ ಹಾಕಿದರು. ಆಗ ಊರಲ್ಲಿ ಆಡಿಕೊಂಡವರು ಬಹಳ ಜನ: 'ಆಸೆ ಬಿದ್ದರು, ಅನುಭವಿಸಿದರು' ಅಂತ. ಆ ಮಾತು ಸರಿಯಲ್ಲ. ಮೂರು ವರ್ಷದ ಆಚೆಯ ರೇಟನ್ನು ಹೇಳುವವರು ಯಾರೂ ಇಲ್ಲದಿದ್ದಾಗ, ಕಣ್ಣೆದುರಿನ ರೇಟು ಬಿಟ್ಟರೆ ರೈತನ ಕೈಯಲ್ಲಿ ಇನ್ನೇನಿರುತ್ತದೆ? ಒಬ್ಬೊಬ್ಬರೂ ಸರಿಯಾಗಿಯೇ ಲೆಕ್ಕ ಹಾಕಿದರು, ಎಲ್ಲರೂ ಒಂದೇ ಲೆಕ್ಕ ಹಾಕಿದ್ದು ಮುಳುವಾಯಿತು.

ಇನ್ನೊಂದು ವಿಷಯ ಇದೆ. ಮಾಲು ಸ್ವಲ್ಪ ಕಡಿಮೆಯಾದರೆ ರೇಟು ಯಾಕೆ ಅಷ್ಟೊಂದು ಏರುತ್ತದೆ? ಬೆಳೆ ಅರ್ಧಕ್ಕರ್ಧ ನಾಶವಾಗಿರುವುದಿಲ್ಲ, ರೇಟು ಮಾತ್ರ ನಾಲ್ಕುಪಟ್ಟು. ಆಗ ಎಲ್ಲರ ಬಾಯಲ್ಲೂ 'ಯಾರೋ ಬಚ್ಚಿಟ್ಟಿದ್ದಾರೆ' ಅನ್ನುವ ಮಾತು. ಬಚ್ಚಿಡುವವರು ಇಲ್ಲ ಅಂತಲ್ಲ. ಈರುಳ್ಳಿ, ಬೇಳೆಯಲ್ಲಿ ಅದು ನಡೆಯುತ್ತದೆ. ಟೊಮೇಟೊ ಬಚ್ಚಿಟ್ಟು ನೋಡಿ, ವಾರಕ್ಕೆ ಕೊಳೆತು ವಾಸನೆಯೇ ಹಿಡಿದುಕೊಡುತ್ತದೆ. ಹಾಗಾದರೆ ಏನು? ಇದಕ್ಕೆ ಉತ್ತರ ಇನ್ನೂ ಹಳೆಯದು, ಮುನ್ನೂರು ವರ್ಷದ ಮೇಲಿನದು. ಇಂಗ್ಲೆಂಡಿನಲ್ಲಿ ಗ್ರೆಗರಿ ಕಿಂಗ್ ಅಂತ ಒಬ್ಬರಿದ್ದರು. ಅವರ ಉದ್ಯೋಗ ದೊಡ್ಡ ಮನೆತನಗಳ ವಂಶಾವಳಿ, ಲಾಂಛನ ನೋಡಿಕೊಳ್ಳುವುದು. ಬಿಡುವಿನಲ್ಲಿ ದೇಶದ ಜನಸಂಖ್ಯೆ, ದವಸಧಾನ್ಯ ಎಲ್ಲದರ ಲೆಕ್ಕ ಬರೆಯುವ ಗೀಳು. 1699ರಲ್ಲಿ ಚಾರ್ಲ್ಸ್ ಡೇವನೆಂಟ್ ಅಚ್ಚುಹಾಕಿಸಿದ ಒಂದು ಲೆಕ್ಕಕ್ಕೆ ಇವರ ಹೆಸರೇ ಅಂಟಿಕೊಂಡಿದೆ. ಧಾನ್ಯದ ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ರೇಟು ಹತ್ತರಲ್ಲಿ ಮೂರು ಪಾಲು ಏರುತ್ತದೆ, ಎರಡು ಪಾಲು ಕಡಿಮೆಯಾದರೆ ಎಂಟು ಪಾಲು, ಮೂರಾದರೆ ಹದಿನಾರು, ಅರ್ಧ ಹೋದರೆ ನಲವತ್ತೈದು ಪಾಲು. ಎಷ್ಟು ಚೆಂದದ ಪಟ್ಟಿ ನೋಡಿ! ಊಟ ಬಿಡೋಕಾಗದ ಪದಾರ್ಥ ಕಡಿಮೆಯಾದಾಗ, ಇರುವಷ್ಟಕ್ಕೇ ಎಲ್ಲರೂ ಕೈಚಾಚುತ್ತಾರೆ, ಬಿಡುವವರು ಸಿಗುವ ತನಕ ರೇಟು ಏರುತ್ತಲೇ ಹೋಗುತ್ತದೆ. ಹಾಗಾಗಿ ರೇಟು ನಾಲ್ಕುಪಟ್ಟಾಯಿತು ಅಂದಾಕ್ಷಣ ಕಳ್ಳನನ್ನು ಹುಡುಕಬೇಕಾಗಿಲ್ಲ, ನಾವೇ ಸಾಲಾಗಿ ನಿಂತಿರುತ್ತೇವೆ.

ದಲ್ಲಾಳಿ ವಿಷಯ ಹಾಗೆ ಬಿಡೋಕಾಗುವುದಿಲ್ಲ, ಅಲ್ವಾ? 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಟೊಮೇಟೊ, ಈರುಳ್ಳಿ, ಆಲೂಗಡ್ಡೆ ಮೇಲೆ ಒಂದು ಅಧ್ಯಯನ ಹೊರತಂದಿತು. ನಾವು ಟೊಮೇಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನ ಕೈಗೆ ಸೇರುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಮಿಕ್ಕದ್ದು ಮಂಡಿ, ಲಾರಿ, ಹಮಾಲಿ, ಸಗಟು, ಚಿಲ್ಲರೆ, ನಡುವೆ ಕೊಳೆತದ್ದು, ಎಲ್ಲಕ್ಕೂ ಹಂಚಿಹೋಗುತ್ತದೆ. ಮೂರರಲ್ಲಿ ಒಂದು ಪಾಲು! ಬಿಸಿಲಲ್ಲಿ ಗೂಟ ನೆಟ್ಟು, ದಾರ ಕಟ್ಟಿ, ಔಷಧಿ ಹೊಡೆದು, ಸಾಲ ತಂದವರಿಗೆ ಮೂರರಲ್ಲಿ ಒಂದು ಪಾಲು ಅನ್ನುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಹಾಗಂತ ದಲ್ಲಾಳಿಗಳನ್ನೆಲ್ಲ ನಾಳೆ ಮನೆಗೆ ಕಳಿಸಿದರೂ ಬಲೆಯ ಸುತ್ತು ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ದೊಡ್ಡಮ್ಮನ ಮಗ ಒಮ್ಮೆ ಗೋಡೆಗೆ ಆತುಕೊಂಡು ಕೇಳಿದ, 'ಈಗ ಎಲ್ಲರ ಕೈಲೂ ಮೊಬೈಲ್ ಇದೆ, ರೇಟು ಬೆರಳ ತುದಿಯಲ್ಲಿ ಇದೆ, ಇನ್ನೂ ಯಾಕೆ ಹೀಗೆ?' ಅಂತ. ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಹೇಳಿದ್ದು ಬೂತಾಯಿ ಮೀನಿನ ಕತೆ. ರಾಬರ್ಟ್ ಜೆನ್ಸೆನ್ ಅನ್ನುವ ಅರ್ಥಶಾಸ್ತ್ರಜ್ಞರು ಕೇರಳದ ಉತ್ತರ ಕರಾವಳಿಯಲ್ಲಿ ವರ್ಷಗಟ್ಟಲೆ ಮೀನು ಪೇಟೆಯ ಲೆಕ್ಕ ಇಟ್ಟು 2007ರಲ್ಲಿ ಪ್ರಕಟಿಸಿದರು. 1997ರ ಜನವರಿ 14, ನಮ್ಮಲ್ಲಿ ಸಂಕ್ರಾಂತಿ ದಿನ. ಬೆಳಗ್ಗೆ ವಡಕರದ ಕಡಲತೀರದಲ್ಲಿ ಹನ್ನೊಂದು ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನು ಚೆಲ್ಲಲು ಹೊರಟಿದ್ದರು. ಅಲ್ಲಿಂದ ಹದಿನೈದು ಕಿಲೋಮೀಟರ್ ಒಳಗೇ ಇದ್ದ ಬೇರೆ ತೀರಗಳಲ್ಲಿ ಕೊಳ್ಳಲು ಬಂದಿದ್ದ ಇಪ್ಪತ್ತೇಳು ಮಂದಿ ಮೀನು ಸಿಗದೆ ಬರಿಗೈಲಿ ವಾಪಸು ಹೊರಟಿದ್ದರು. ಅವರಿಗಿವರು ಗೊತ್ತಿಲ್ಲ, ಇವರಿಗವರು ಗೊತ್ತಿಲ್ಲ. ಕರುಳು ಚುರ್ ಅನ್ನುತ್ತದೆ, ಅಲ್ವಾ?

ಆಮೇಲೆ ಆ ಕರಾವಳಿಗೆ ಒಂದೊಂದು ಕಡೆಯಾಗಿ ಮೊಬೈಲ್ ಸಿಗ್ನಲ್ ಬಂತು. ದೋಣಿಯಿಂದಲೇ ಫೋನು ಮಾಡಿ ಎಲ್ಲಿ ರೇಟು ಇದೆಯೋ ಆ ತೀರಕ್ಕೆ ಹೋಗತೊಡಗಿದರು. ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರ ರೇಟು ಶೇ 4ರಷ್ಟು ಇಳಿಯಿತು. ಇಬ್ಬರಿಗೂ ಒಳ್ಳೆಯದಾಗುವಂಥ ಸುದ್ದಿ ಅರ್ಥಶಾಸ್ತ್ರದಲ್ಲಿ ಅಪರೂಪಕ್ಕೆ ಸಿಗುತ್ತದೆ, ಅದಕ್ಕೇ ನನಗೆ ಈ ಕತೆ ಅಂದರೆ ಪ್ರಾಣ.

ಹಾಗಿದ್ದ ಮೇಲೆ ಮೊಬೈಲು ಟೊಮೇಟೊಗೆ ಯಾಕೆ ಆಗಿಬರಲಿಲ್ಲ? ಮೀನುಗಾರನ ಪ್ರಶ್ನೆ 'ಈಗ ಎಲ್ಲಿಗೆ ಒಯ್ಯಲಿ' ಅನ್ನುವುದು. ಟೊಮೇಟೊ ರೈತನ ದೊಡ್ಡ ಪ್ರಶ್ನೆ 'ಈಗ ನೆಡಲಾ ಬೇಡವಾ' ಅನ್ನುವುದು. ಮೊದಲನೆಯದಕ್ಕೆ ಇವತ್ತಿನ ರೇಟು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಇವತ್ತಿನ ರೇಟು ದಾರಿ ತಪ್ಪಿಸುತ್ತದೆ. ಕೋಲಾರದಲ್ಲಿ ಹರಾಜು ಮುಗಿಯುವ ಮುಂಚೆಯೇ 'ಬಾಕ್ಸು ಎರಡು ಸಾವಿರ' ಅಂತ ವಾಟ್ಸ್ಆ್ಯಪ್ ಹಾರಿದರೆ, ಮುಳಬಾಗಿಲು, ಶ್ರೀನಿವಾಸಪುರ, ಗಡಿಯಾಚೆ ಮದನಪಲ್ಲಿ, ಎಲ್ಲರೂ ಅದೇ ದಿನ ನರ್ಸರಿಗೆ ಫೋನು ಮಾಡುತ್ತಾರೆ. ಹಿಂದೆ ಸುದ್ದಿ ನಿಧಾನಕ್ಕೆ ಹರಡುತ್ತಿತ್ತು, ನೆಡುವುದೂ ಹಿಂದುಮುಂದಾಗಿ ನಡೆಯುತ್ತಿತ್ತು. ಈಗ ಎಲ್ಲರ ಸಸಿಯೂ ಒಂದೇ ವಾರದಲ್ಲಿ ಮಣ್ಣಿಗೆ ಇಳಿಯುತ್ತದೆ, ಒಂದೇ ವಾರ ಹಣ್ಣಾಗುತ್ತದೆ. ಇದು ನನ್ನ ಅನುಮಾನ, ಆದರೆ ಬಲವಾದ ಅನುಮಾನ.

ರೈತರು ಅಷ್ಟು ಬೇಗ ಮೋಸಹೋಗುವವರಲ್ಲ ಅಂತ ವಾದಿಸಿದವರೂ ಇದ್ದಾರೆ. 1961ರಲ್ಲಿ ಜಾನ್ ಮ್ಯೂತ್ ಅನ್ನುವವರು, ಜನ ಹಿಂದಿನ ಪೆಟ್ಟು ಮರೆಯುವುದಿಲ್ಲ, ಸಿಕ್ಕ ಮಾಹಿತಿಯನ್ನೆಲ್ಲ ಬಳಸಿಯೇ ಮುಂದಿನ ರೇಟು ಊಹಿಸುತ್ತಾರೆ ಅಂತ ಒಂದು ಲೇಖನ ಬರೆದರು. ಹತ್ತು ವರ್ಷ ಅದನ್ನು ಯಾರೂ ಹೆಚ್ಚು ಮೂಸಿ ನೋಡಲಿಲ್ಲ. ಆಮೇಲೆ ಅದೇ ಯೋಚನೆಯನ್ನು ಹಿಡಿದು ಬೆಳೆಸಿದ ರಾಬರ್ಟ್ ಲ್ಯೂಕಾಸ್ ಅವರಿಗೆ 1995ರಲ್ಲಿ ನೊಬೆಲ್ ಬಂತು. ಮ್ಯೂತ್ ಮಾತಿನಲ್ಲಿ ಹುರುಳಿದೆ. 'ಎಲ್ಲರೂ ಕಿತ್ತುಹಾಕುವಾಗ ನೆಡು' ಅನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲೂ ಸಿಗುತ್ತಾರೆ. ಆದರೆ ಹಾಗೆ ಎದುರು ಈಜಲು ಕೈಯಲ್ಲಿ ಒಂದಿಷ್ಟು ದುಡ್ಡಿರಬೇಕು. ರೇಟು ಬಿದ್ದಾಗ ಸಾಲಗಾರ ಬಾಗಿಲಲ್ಲಿ ನಿಂತಿರುತ್ತಾನೆ, ಆಗ ಯಾವ ಧೈರ್ಯದಲ್ಲಿ ಮತ್ತೆ ಸಸಿ ತರುವುದು? ಬುದ್ಧಿ ಇದ್ದೂ ಕೈ ಕಟ್ಟಿಹೋಗಿರುತ್ತದೆ. ಮ್ಯೂತ್ ಅವರ ಗಣಿತದಲ್ಲಿ ಸಾಲಗಾರನಿಗೆ ಜಾಗವಿಲ್ಲ.

ಇನ್ನು ಹಣದುಬ್ಬರದ ಸುದ್ದಿ. 2023ರ ಜುಲೈನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಹಾರಿತು, ತರಕಾರಿ ಒಂದರಲ್ಲೇ ಶೇ 37ರ ಮೇಲೆ. ಆಗಿನ ಸೂಚ್ಯಂಕದ ಬುಟ್ಟಿಯಲ್ಲಿ ಟೊಮೇಟೊ ಪಾಲು ಎಷ್ಟು ಗೊತ್ತೇ? ನೂರು ರೂಪಾಯಿಗೆ 57 ಪೈಸೆ. ಆ 57 ಪೈಸೆ ಇಡೀ ದೇಶದ ಅಂಕಿಯನ್ನು ಅಲ್ಲಾಡಿಸಿತು. ಮುಂದಿನ ವರ್ಷ ಜುಲೈಗೆ ಅದು ಶೇ 3.54ಕ್ಕೆ ಇಳಿದಾಗ ದೊಡ್ಡಮ್ಮ, 'ಇಳಿದಿದೆಯಂತೆ, ಎಲ್ಲಿ ಇಳಿದಿದೆ ತೋರಿಸು' ಅಂತ ಚೀಲ ಹಿಡಿದು ಕೇಳಿದರು. ಅವರ ಮಾತೂ ಸರಿ, ಅಂಕಿಯೂ ಸರಿ. ಈ ಅಂಕಿ ಅಳೆಯುವುದು ಹೋದ ವರ್ಷ ಇದೇ ತಿಂಗಳಿಗಿಂತ ಎಷ್ಟು ಏರಿದೆ ಅನ್ನುವುದನ್ನು. ಹೋದ ಜುಲೈಯೇ ಅಟ್ಟದ ಮೇಲೆ ಕೂತಿದ್ದರೆ, ಈ ಜುಲೈ ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೂ ಅಂಕಿ ಇಳಿದಂತೆಯೇ ಲೆಕ್ಕ. ರೇಟು ಇಳಿಯಲಿಲ್ಲ ದೊಡ್ಡಮ್ಮ, ಏರುವ ವೇಗ ಇಳಿಯಿತು ಅಂದೆ. 'ಹಂಗಂತ ಬಿಡಿಸಿ ಹೇಳಬಾರದಾ ಟಿವಿಯವರು' ಅಂದರು. ನಿಜ, ಹೇಳಬಹುದು. ಅರ್ಧ ನಿಮಿಷದ ಕೆಲಸ.

ಸರ್ಕಾರ ಆ ವರ್ಷ ಏನು ಮಾಡಿತು ಅನ್ನುವುದು ನೆನಪಿರಬಹುದು. ಕೋಲಾರ, ಮದನಪಲ್ಲಿ, ನಾರಾಯಣಗಾಂವ್‌ಗಳಿಂದ ಖರೀದಿಸಿ ದೆಹಲಿ ಕಡೆ ಮೊದಲು ಕಿಲೋಗೆ 90, ಆಮೇಲೆ 80, 70 ಅಂತ ಇಳಿಸಿ ಮಾರಿದರು, ನೇಪಾಳದಿಂದಲೂ ತರಿಸಿದರು. ಉರಿಯುವಾಗ ನೀರು ಹಾಕಲೇಬೇಕು, ತಪ್ಪೇನಿಲ್ಲ. ಆದರೆ ಅಷ್ಟೇ ಕಾಳಜಿ ಸೆಪ್ಟೆಂಬರ್‌ನಲ್ಲಿ ರಸ್ತೆಬದಿಗೆ ಸುರಿದವರ ಮೇಲೆ ಕಾಣಲಿಲ್ಲ. ರೇಟು ಬಿದ್ದಾಗ ಕೈಬಿಟ್ಟವರೇ ಮುಂದಿನ ಬೇಸಿಗೆಗೆ ನೆಡದವರು, ಅವರು ನೆಡದಿದ್ದದ್ದೇ ಮುಂದಿನ ಜುಲೈ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡೋಕಾಗುತ್ತದಾ?

ನನಗೆ ಒಂದು ಆಸೆ ಇದೆ. ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ ಪ್ರತಿ ಮಂಡಿಯ ರೇಟು ದಿನಾ ಬರುತ್ತದೆ, ಸಂತೋಷ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಇದ್ದರೆ? ಈ ವಾರ ಯಾವ ತಾಲ್ಲೂಕಿನ ನರ್ಸರಿಗಳಿಂದ ಎಷ್ಟು ಟೊಮೇಟೊ ಸಸಿ ಮಾರಾಟವಾಯಿತು ಅನ್ನುವ ಸಾಲು. ಈಗ ಹೆಚ್ಚಿನವರು ಸಸಿ ತರುವುದು ನರ್ಸರಿಯಿಂದಲೇ, ಟ್ರೇ ಲೆಕ್ಕದಲ್ಲಿ, ಬಿಲ್ಲು ಬರೆಸಿ. ಅಂದರೆ ಲೆಕ್ಕ ಆಗಲೇ ಯಾವುದೋ ಪುಸ್ತಕದಲ್ಲಿ ಇದೆ. ಅದನ್ನು ಕೂಡಿಸಿ ಹೇಳುವವರು ಬೇಕು, ಅಷ್ಟೆ. ಎರಡು ತಿಂಗಳು ಮುಂಚೆಯೇ ಮಂಡಿಗೆ ಎಷ್ಟು ಮಾಲು ಬರಲಿದೆ ಅನ್ನುವ ಅಂದಾಜು ರೈತನ ಫೋನಿಗೇ ಬರುತ್ತದೆ. ಹೆಚ್ಚಾಗಿ ಹೋಗಿದ್ದರೆ ಅವನು ಆ ಸಲ ಬೀನ್ಸೋ ಕ್ಯಾಪ್ಸಿಕಮ್ಮೋ ನೋಡಿಕೊಳ್ಳುತ್ತಾನೆ. ಎಲ್ಲರೂ ಅಲ್ಲ, ನಾಲ್ಕರಲ್ಲಿ ಒಬ್ಬ ತಿರುಗಿದರೂ ಎಷ್ಟೋ ಆಯಿತು. ಕಿಂಗ್ ಅವರ ಪಟ್ಟಿ ನೋಡಿದಿರಲ್ಲ, ಮಾಲಿನಲ್ಲಿ ಸಣ್ಣ ವ್ಯತ್ಯಾಸಕ್ಕೇ ರೇಟು ಎಷ್ಟು ಕುಣಿಯುತ್ತದೆ ಅಂತ. ಕುಣಿತ ತಗ್ಗುವುದಕ್ಕೂ ಅಷ್ಟು ಸಣ್ಣ ವ್ಯತ್ಯಾಸವೇ ಸಾಕಲ್ವಾ?

ಮುಂದಿನ ವಾರ ದೊಡ್ಡಮ್ಮನ ಮಗ ಕೋಲಾರದ ಕಡೆ ಹೋಗುವವನಿದ್ದಾನೆ. ದಾರಿಯಲ್ಲಿ ನಾಲ್ಕಾರು ನರ್ಸರಿ ಸಿಗುತ್ತವೆ, ಈ ತಿಂಗಳು ಟೊಮೇಟೊ ಸಸಿ ಹೋದ ವರ್ಷಕ್ಕಿಂತ ಜಾಸ್ತಿ ಹೋಗಿದೆಯೋ ಕಡಿಮೆಯೋ, ಸುಮ್ಮನೆ ಕೇಳಿಕೊಂಡು ಬಾ ಅಂದಿದ್ದೇನೆ. ನೀವೂ ಆ ಕಡೆ ಹೋದರೆ ಕೇಳಿ.